ತೋಟಕ್ಕೆ ಕಾಂಕ್ರೀಟ್ ಮತ್ತು ಮೊಸಾಯಿಕ್ ಕಲಾಕೃತಿ: ಕಲಸುವುದರಿಂದ ಗ್ರೌಟಿನವರೆಗೆ

ಕಬ್ಬಿಣ ಸೇರಿಸಿದ ಕಾಂಕ್ರೀಟಿನ ಇತಿಹಾಸದಲ್ಲಿ ತೋಟಗಾರನೊಬ್ಬನ ಹೆಸರು ಬರುತ್ತದೆ. ಫ್ರಾನ್ಸಿನ ಜೋಸೆಫ್ ಮೋನಿಯೆ, ಗಿಡ ನೆಡುವ ಸಿಮೆಂಟಿನ ತೊಟ್ಟಿಗಳು ಸುಲಭವಾಗಿ ಒಡೆಯದಿರಲೆಂದು ಅವುಗಳ ಗೋಡೆಯೊಳಗೆ ಕಬ್ಬಿಣದ ಜಾಲರಿಯನ್ನು ಹುದುಗಿಸಿ, 1867ರಲ್ಲಿ ಆ ವಿಧಾನಕ್ಕೆ ಪೇಟೆಂಟ್ ಪಡೆದನು. ಅದೇ ವಿಧಾನ ಮುಂದೆ ಕೊಳವೆಗಳಿಗೂ ಸೇತುವೆಗಳಿಗೂ ಹಬ್ಬಿತು. ತೋಟಕ್ಕಾಗಿ ಕಾಂಕ್ರೀಟಿನಲ್ಲಿ ಕೈಕೆಲಸ ಮಾಡುವುದು ಹೀಗೆ ಹಳೆಯ ಕಸುಬೇ ಆದರೂ, ಕಟ್ಟಡದ ಗಾರೆಕೆಲಸಕ್ಕಿಂತ ಸ್ವಲ್ಪ ಬೇರೆ ಬಗೆಯ ಎಚ್ಚರವನ್ನು ಅದು ಬೇಡುತ್ತದೆ. ಇಲ್ಲಿ ವಸ್ತುಗಳು ತೆಳ್ಳಗಿರುತ್ತವೆ, ಮೈಮೇಲೆ ಬಣ್ಣದ ಚೂರುಗಳನ್ನು ಹೊರುತ್ತವೆ, ವರ್ಷವಿಡೀ ಬಿಸಿಲು ಮಳೆಗೆ ಒಡ್ಡಿಕೊಂಡಿರುತ್ತವೆ. ಅಂಚು ಪುಡಿಯಾಗುವುದು, ಮೈ ಬಿರುಕು ಬಿಡುವುದು, ಟೈಲ್ ಚೂರು ಕಳಚಿಬೀಳುವುದು, ಜಾಲರಿಯ ತುಕ್ಕು ಹೊರಗೆ ಒಸರುವುದು ಎಂಬ ಸಾಮಾನ್ಯ ದೋಷಗಳ ಕಾರಣ ಹುಡುಕುತ್ತ ಹೋದರೆ, ಕಲಸುವಾಗ ಹೆಚ್ಚಾದ ನೀರು, ಗಟ್ಟಿಯಾಗುವಾಗ ಸಾಲದೆ ಹೋದ ನೀರು ಅಥವಾ ಆಮೇಲೆ ಒಳಹೊಕ್ಕು ಕುಳಿತ ನೀರು ಸಿಗುತ್ತದೆ. ಆದ್ದರಿಂದ ಇಲ್ಲಿ ವಿನ್ಯಾಸದ ಮಾತಿಗಿಂತ ನೀರಿನ ಲೆಕ್ಕಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಸಾಮಗ್ರಿಯ ಆಯ್ಕೆ

ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಎಲ್ಲ ಕೆಲಸಕ್ಕೂ ಸಾಕು. ಹಾರುಬೂದಿ (ಕಲ್ಲಿದ್ದಲು ಉರಿದಾಗ ಉಳಿಯುವ ನುಣುಪು ಬೂದಿ) ಬೆರೆತ ಸಿಮೆಂಟನ್ನೂ ಬಳಸಬಹುದು. ಅದು ಮೊದಲ ದಿನಗಳಲ್ಲಿ ನಿಧಾನವಾಗಿ ಬಲಗೊಳ್ಳುವುದರಿಂದ ಅಚ್ಚಿನಿಂದ ಬಿಡಿಸುವ ಮೊದಲು ಹೆಚ್ಚು ಹೊತ್ತು ಕಾಯಬೇಕು, ತೇವದಲ್ಲಿಡುವ ಅವಧಿಯನ್ನೂ ಹೆಚ್ಚಿಸಬೇಕು. ತಿಳಿಬಣ್ಣದ ಕೃತಿ ಬೇಕೆನ್ನುವವರು ಬಿಳಿ ಸಿಮೆಂಟಿಗೆ ಐರನ್ ಆಕ್ಸೈಡ್ ಪುಡಿಯನ್ನು ಸಿಮೆಂಟಿನ ತೂಕದ ಶೇ. 5ರಷ್ಟು ಸೇರಿಸಿದರೆ ಸಾಕು, ಶೇ. 10 ದಾಟಿದರೆ ಬಣ್ಣ ಗಾಢವಾಗುವುದಕ್ಕಿಂತ ಬಲ ಕುಗ್ಗುವುದೇ ಹೆಚ್ಚು. ಚೀಲದಲ್ಲಿ ಬೆರಳಿನಿಂದ ಹಿಸುಕಿದರೂ ಪುಡಿಯಾಗದ ಗಂಟುಗಳಿದ್ದರೆ ಆ ಸಿಮೆಂಟು ಗಾಳಿಯ ತೇವವನ್ನು ಆಗಲೇ ಹೀರಿಕೊಂಡಿದೆ ಎಂದರ್ಥ. ಅದನ್ನು ಜರಡಿ ಹಿಡಿದು ಕಲಾಕೃತಿಗೆ ಬಳಸುವುದು ಬೇಡ.

ಮರಳಿನಲ್ಲಿ ಮಣ್ಣು ಇರಬಾರದು. ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಮರಳು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಕೆಲವು ಗಂಟೆ ಬಿಟ್ಟರೆ ಮರಳು ಕೆಳಗೂ ಸಣ್ಣ ಮಣ್ಣು ಅದರ ಮೇಲೊಂದು ಪದರವಾಗಿಯೂ ನಿಲ್ಲುತ್ತದೆ. ಆ ಪದರ ಕಣ್ಣಿಗೆ ಎದ್ದು ಕಾಣುವಷ್ಟು ದಪ್ಪವಿದ್ದರೆ ಮರಳನ್ನು ತೊಳೆದೇ ಬಳಸಬೇಕು. ಸಮುದ್ರದ ಮರಳಿನ ಉಪ್ಪು ಒಳಗಿನ ಕಬ್ಬಿಣವನ್ನು ತಿನ್ನುವುದರಿಂದ ಅದು ಪೂರ್ತಿ ವರ್ಜ್ಯ.

ಹಸಿ ಸಿಮೆಂಟು ತೀವ್ರ ಕ್ಷಾರೀಯ. ಅದರ ಪಿಎಚ್ 12ರಿಂದ 13ರಷ್ಟಿರುತ್ತದೆ. ಬರಿಗೈಯಲ್ಲಿ ಮುಟ್ಟಿದಾಗ ಏನೂ ಅನ್ನಿಸದೆ, ಗಂಟೆಗಳ ಬಳಿಕ ಚರ್ಮ ಸುಟ್ಟಂತಾಗಿ ಒಡೆಯುವುದು ಇದರ ಅಪಾಯ. ಆದ್ದರಿಂದ ರಬ್ಬರ್ ಅಥವಾ ನೈಟ್ರೈಲ್ ಕೈಗವಸು ಕಡ್ಡಾಯ. ಒಣಪುಡಿ ಬೆರೆಸುವಾಗ ಮತ್ತು ಟೈಲ್ ಕತ್ತರಿಸುವಾಗ ಏಳುವ ದೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುವುದರಿಂದ ಎನ್95 ದರ್ಜೆಯ ಮಾಸ್ಕ್ ಬೇಕು. ಕಣ್ಣಿಗೆ ಬದಿಗಳೂ ಮುಚ್ಚುವ ಕನ್ನಡಕ ಬೇಕು. ಬಾಂಡ್ಲಿ ತೊಳೆದ ನೀರನ್ನು ಮೋರಿಗೆ ಬಿಟ್ಟರೆ ಸಿಮೆಂಟು ಅಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ, ತಳದಲ್ಲಿ ಕೂತ ಗಷ್ಟನ್ನು ಒಣಗಿಸಿ ಎಸೆಯಬೇಕು.

ಕಲಸುವುದು ಮತ್ತು ತೇವದಲ್ಲಿಡುವುದು

ತೆಳುವಾದ ಕೃತಿಗಳಿಗೆ ಅಳತೆಯಲ್ಲಿ ಒಂದು ಪಾಲು ಸಿಮೆಂಟು, ಮೂರು ಪಾಲು ಜರಡಿ ಹಿಡಿದ ಮರಳು ಸರಿಯಾದ ಗಾರೆ. ಐದು ಸೆಂಟಿಮೀಟರಿಗಿಂತ ದಪ್ಪದ ಚಪ್ಪಡಿಗೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ಮೂರು ಪಾಲು 10 ಮಿಲಿಮೀಟರ್ ಒಳಗಿನ ಸಣ್ಣ ಜಲ್ಲಿ ಹಾಕಿದರೆ ಸಿಮೆಂಟು ಉಳಿಯುತ್ತದೆ, ಕುಗ್ಗುವಿಕೆಯೂ ಕಡಿಮೆಯಾಗುತ್ತದೆ. ಒಣ ಸಾಮಗ್ರಿಯನ್ನು ಬಣ್ಣ ಒಂದೇ ಸಮ ಕಾಣುವವರೆಗೆ ಮೊದಲು ಬೆರೆಸಿಕೊಂಡು, ನೀರನ್ನು ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು.

ಎಷ್ಟು ನೀರು ಎಂಬುದು ಇಡೀ ಕೆಲಸದ ಮುಖ್ಯ ಪ್ರಶ್ನೆ. ಸಿಮೆಂಟು ಗಟ್ಟಿಯಾಗುವುದು ನೀರು ಆರಿಹೋಗುವುದರಿಂದ ಎಂಬ ನಂಬಿಕೆ ಬಹಳ ಮಂದಿಗೆ ಇದೆ. ವಾಸ್ತವದಲ್ಲಿ ಸಿಮೆಂಟಿನ ಕಣಗಳು ನೀರಿನೊಂದಿಗೆ ರಾಸಾಯನಿಕವಾಗಿ ಸೇರಿ ಹೊಸ ಹರಳುಗಳನ್ನೂ ಅಂಟಿನಂಥ ವಸ್ತುವನ್ನೂ ಕಟ್ಟುತ್ತವೆ, ಬಲ ಬರುವುದು ಅದರಿಂದ. ಈ ಕ್ರಿಯೆಗೆ ಬೇಕಾಗುವ ನೀರು ಸಿಮೆಂಟಿನ ತೂಕದ ಸುಮಾರು ಕಾಲು ಭಾಗ ಮಾತ್ರ; ಉಳಿದದ್ದೆಲ್ಲ ಕಲಸಲು ಮತ್ತು ತುಂಬಲು ಅನುಕೂಲವಾಗಲೆಂದು ನಾವು ಸೇರಿಸುವುದು. ಆ ಹೆಚ್ಚುವರಿ ನೀರು ಮುಂದೆ ಆರಿಹೋದಾಗ ಅದರ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಮಳೆನೀರು ಆ ರಂಧ್ರಗಳಲ್ಲೇ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ನೀರಿನ ತೂಕ ಸಿಮೆಂಟಿನ ತೂಕದ ಅರ್ಧವನ್ನು ದಾಟಬಾರದು. ಒಂದು ಲೀಟರ್ ಸಿಮೆಂಟು ಸುಮಾರು 1.4 ಕೆಜಿ ತೂಗುತ್ತದೆ. ಹಾಗಾಗಿ ಒಣಮರಳಿನೊಂದಿಗೆ ಅದಕ್ಕೆ 600ರಿಂದ 700 ಮಿಲಿಲೀಟರ್ ನೀರು ಸಾಕು. ಮರಳು ಮೊದಲೇ ತೇವವಾಗಿದ್ದರೆ ಇನ್ನೂ ಕಡಿಮೆ. ಮುಷ್ಟಿಯಲ್ಲಿ ಹಿಡಿದು ಹಿಸುಕಿದಾಗ ಆಕಾರ ನಿಲ್ಲಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಅಳತೆಯ ಲೋಟ ಇರಲಿ ಬಿಡಲಿ, ಈ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಬೇಕು. ಕಲಸಿದ ಗಾರೆಯನ್ನು ಒಂದು ಗಂಟೆಯೊಳಗೆ ಮುಗಿಸಬೇಕು. ಬಿಗಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಸಡಿಲಿಸಿಕೊಳ್ಳುವ ಅಭ್ಯಾಸ ಅನುಭವವಿರುವ ಕೆಲಸಗಾರರಲ್ಲೂ ಕಾಣುತ್ತದೆ, ಆದರೆ ಹಾಗೆ ಮಾಡಿದ ಗಾರೆಯ ಬಲ ಹೋಗಿಬಿಟ್ಟಿರುತ್ತದೆ.

ಎರಕ ಮುಗಿದ ಮೇಲೆ ಲೆಕ್ಕ ತಿರುಗಿಬೀಳುತ್ತದೆ. ಈಗ ನೀರು ಎಷ್ಟಿದ್ದರೂ ಒಳ್ಳೆಯದು. ಮೇಲ್ಮೈ ಬಿಗಿಯಾದ ಕೂಡಲೇ ಪ್ಲಾಸ್ಟಿಕ್ ಹಾಳೆ ಮುಚ್ಚಿ ನೆರಳಿನಲ್ಲಿಡಬೇಕು. ಅಚ್ಚಿನಿಂದ ಬಿಡಿಸಿದ ಮೇಲೆ ಒದ್ದೆ ಗೋಣಿತಟ್ಟು ಸುತ್ತಿ ಕನಿಷ್ಠ 7 ದಿನ, ಹಾರುಬೂದಿಯ ಸಿಮೆಂಟಾದರೆ 10ರಿಂದ 14 ದಿನ, ಗೋಣಿ ಒಣಗದಂತೆ ನೋಡಿಕೊಳ್ಳಬೇಕು. ಸಣ್ಣ ವಸ್ತುವಾದರೆ ಮರುದಿನದ ನಂತರ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರಾಯಿತು. ಸಾಮಾನ್ಯ ಸಿಮೆಂಟು 7 ದಿನಗಳಲ್ಲಿ ತನ್ನ 28 ದಿನಗಳ ಬಲದ ಸುಮಾರು ಮೂರನೇ ಎರಡು ಭಾಗವನ್ನು ಪಡೆದಿರುತ್ತದೆ. ತೆಳುವಾದ ಅಂಚುಗಳು ಬೇಗ ಒಣಗುವುದರಿಂದ ಈ ಹಂತದಲ್ಲಿ ಮಾಡಿದ ಅಲಕ್ಷ್ಯ ಮೊದಲು ಕಾಣಿಸುವುದು ಅಂಚುಗಳಲ್ಲೇ. ಉಗುರಿನಿಂದ ಕೆರೆದರೆ ಮರಳು ಉದುರುತ್ತದೆ.

ಎಲೆಯ ಅಚ್ಚಿನ ಬೋಗುಣಿ

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ, ಏಕೆಂದರೆ ವಿನ್ಯಾಸವನ್ನು ಎಲೆಯೇ ಒದಗಿಸುತ್ತದೆ. ಅಗಲವಾದ, ತೂತಿಲ್ಲದ, ಹಿಂಬದಿಯ ನರಗಳು ಉಬ್ಬಿಕೊಂಡಿರುವ ಎಲೆಯನ್ನು ಆರಿಸಬೇಕು. ಕೆಸುವಿನ ಜಾತಿಯ ದೊಡ್ಡ ಎಲೆಗಳು ಬಹಳ ಚೆನ್ನಾಗಿ ಅಚ್ಚು ಬೀಳುತ್ತವೆ, ಅವುಗಳ ರಸ ತುರಿಕೆ ತರುವುದರಿಂದ ಕೈಗವಸು ಇಲ್ಲಿಂದಲೇ ಬೇಕು. ತೇಗದ ಎಲೆಯ ಒರಟು ಬಲೆಯಂತಹ ನರಗಳೂ ಸೊಗಸಾಗಿ ಮೂಡುತ್ತವೆ. ಎಲೆಯನ್ನು ಕೊಯ್ದ ದಿನವೇ ಬಳಸಬೇಕು, ಬಾಡಿದ ಎಲೆ ಸುಕ್ಕಾಗುತ್ತದೆ.

ಹಲಗೆಯ ಮೇಲೆ ಒದ್ದೆ ಮರಳನ್ನು ಗುಡ್ಡೆ ಹಾಕಿ, ಅಂಗೈಯಿಂದ ತಟ್ಟಿ ಗಟ್ಟಿ ಮಾಡಿ, ಮೇಲೆ ತೆಳು ಪ್ಲಾಸ್ಟಿಕ್ ಹಾಸಬೇಕು. ಗುಡ್ಡೆಯ ಎತ್ತರವೇ ಬೋಗುಣಿಯ ಆಳವಾಗುವುದರಿಂದ, ಹಕ್ಕಿಗಳು ನೀರು ಕುಡಿಯಲು ಮತ್ತು ಮೀಯಲು ಮಾಡುವುದಾದರೆ ಅದು 5 ಸೆಂಟಿಮೀಟರ್ ಮೀರಬಾರದು. ಎಲೆಯ ತೊಟ್ಟನ್ನು ಬುಡಕ್ಕೆ ಕತ್ತರಿಸಿ, ನರಗಳಿರುವ ಹಿಂಬದಿ ಮೇಲಕ್ಕೆ ಬರುವಂತೆ ಗುಡ್ಡೆಯ ಮೇಲೆ ಹರಡಬೇಕು. ಎಲೆ ಮರಳಿಗೆ ಅಂಟಿ ಕೂರದೆ ಎಲ್ಲಿಯಾದರೂ ಪೊಳ್ಳು ಉಳಿದರೆ ಗಾರೆಯ ಭಾರಕ್ಕೆ ಅಲ್ಲಿ ಮಡಿಕೆ ಬೀಳುತ್ತದೆ. ಅಂಚಿನ ಕೆಳಗೆ ಮರಳು ತುರುಕಿ ಅದನ್ನು ಸರಿಪಡಿಸಬಹುದು. ಗಾರೆಯನ್ನು ನಡುವಿನಿಂದ ಆರಂಭಿಸಿ ಹೊರಗಿನ ಕಡೆಗೆ ಒತ್ತುತ್ತ ಹೋಗಬೇಕು. ಮೊದಲ ಪದರವನ್ನು ಬೆರಳಿನಿಂದಲೇ ಗಟ್ಟಿಯಾಗಿ ಒತ್ತಿದರೆ ಮಾತ್ರ ನರಗಳ ಗುರುತು ಪೂರ್ತಿ ಇಳಿಯುತ್ತದೆ. ನಡುವೆ 2 ಸೆಂಟಿಮೀಟರ್, ಅಂಚಿಗೆ ಬರುವಾಗ 1 ಸೆಂಟಿಮೀಟರ್ ದಪ್ಪವಿರಲಿ. ಅದಕ್ಕಿಂತ ತೆಳ್ಳಗಿನ ಅಂಚು ನೋಡಲು ನಾಜೂಕಾಗಿರುತ್ತದೆ, ಎತ್ತುವಾಗ ಕೈಯಲ್ಲೇ ಉಳಿಯುತ್ತದೆ. ಅರ್ಧ ದಪ್ಪ ಆದ ಮೇಲೆ ಕ್ಷಾರ ತಡೆಯುವ ಫೈಬರ್ ಗ್ಲಾಸ್ ಜಾಲರಿಯ ತುಂಡನ್ನು ಎಲೆಯ ಅಂಚಿಗಿಂತ 2 ಸೆಂಟಿಮೀಟರ್ ಒಳಗೆ ನಿಲ್ಲುವಂತೆ ಹಾಸಿ, ಉಳಿದ ಗಾರೆಯಿಂದ ಮುಚ್ಚಬೇಕು. ಗಾರೆ ಎಲೆಯ ಅಂಚನ್ನು ದಾಟದಂತೆ ಕರಣೆಯ ತುದಿಯಿಂದ ಒಳಕ್ಕೆ ತೀಡಿದರೆ ಎಲೆಯ ಹಲ್ಲುಗಳೂ ಅಲೆಗಳೂ ಹಾಗೆಯೇ ಉಳಿಯುತ್ತವೆ. ಕೊನೆಗೆ ನಡುಭಾಗವನ್ನು ಚಪ್ಪಟೆ ಮಾಡಲು ಮರೆಯಬಾರದು, ಬೋಗುಣಿ ಮುಂದೆ ನಿಲ್ಲುವುದು ಅದರ ಮೇಲೆಯೇ.

ಪ್ಲಾಸ್ಟಿಕ್ ಮುಚ್ಚಿ ಎರಡು ದಿನ ಬಿಟ್ಟು, ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಿ ತಿರುಗಿಸಬೇಕು. ಎಲೆಯನ್ನು ತೊಟ್ಟಿನ ಕಡೆಯಿಂದ ನಿಧಾನವಾಗಿ ಸುಲಿದರೆ ಬಹುಪಾಲು ಒಂದೇ ತುಂಡಾಗಿ ಬರುತ್ತದೆ. ನರಗಳ ಗೆರೆಯಲ್ಲಿ ಸಿಕ್ಕಿಕೊಂಡ ಹಸಿರನ್ನು ಕೆದಕುವ ಅವಸರ ಬೇಡ. ಅದು ಕೊಳೆತು ಒಣಗಿದ ಮೇಲೆ ನಾರಿನ ಬ್ರಷ್ಷಿನಿಂದ ತಾನಾಗಿ ಹೊರಡುತ್ತದೆ. ನಂತರ ಮೇಲೆ ಹೇಳಿದಂತೆ ತೇವದಲ್ಲಿಡುವ ಕೆಲಸ.

ಮೊಸಾಯಿಕ್ಕಿನ ಚೂರುಗಳು

ಹೊರಗಿನ ಕೆಲಸಕ್ಕೆ ಎಲ್ಲ ಟೈಲ್ಸ್ ಒಗ್ಗುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ತಮ್ಮ ತೂಕದ ಶೇ. 0.5ರಷ್ಟು ನೀರನ್ನೂ ಹೀರುವುದಿಲ್ಲ. ಒಳಗೋಡೆಗೆ ಹಚ್ಚುವ ಹೊಳಪಿನ ಟೈಲ್ಸ್ ಶೇ. 10ಕ್ಕಿಂತ ಹೆಚ್ಚು ಹೀರಬಲ್ಲವು. ಹೀರಿದ ನೀರು ಹಿಮ ಬೀಳುವ ಪ್ರದೇಶದಲ್ಲಿ ಹೆಪ್ಪುಗಟ್ಟಿ ಟೈಲನ್ನೇ ಒಡೆಯುತ್ತದೆ. ಹಿಮವಿಲ್ಲದ ಕಡೆಯಲ್ಲೂ ಹೊಳಪಿನ ಪದರದ ಕೆಳಗೆ ಕರೆಗಟ್ಟುತ್ತದೆ. ಹಿಂಬದಿಗೆ ಒಂದು ಹನಿ ನೀರು ಬಿಟ್ಟು ನೋಡಿದರೆ ಯಾವ ಟೈಲ್ ಯಾವ ಗುಂಪಿನದೆಂದು ತಿಳಿಯುತ್ತದೆ. ಗಾಜಿನ ಚೂರುಗಳು, ಒಡೆದ ಪಿಂಗಾಣಿ ತಟ್ಟೆ, ನಯವಾದ ಬೆಣಚುಕಲ್ಲು ಒಳ್ಳೆಯ ಸಾಮಗ್ರಿಗಳೇ. ಕನ್ನಡಿಯ ಚೂರು ಮಿರುಗುತ್ತದೆಂದು ಮನಸ್ಸು ಸೋಲುವುದುಂಟು, ಆದರೆ ಅಂಚಿನಿಂದ ತೇವ ನುಗ್ಗಿದರೆ ಅದರ ಹಿಂದಿನ ಲೇಪ ಕಪ್ಪಾಗುತ್ತದೆ.

ಗಾಜಿಗೆ ಎರಡು ಚಕ್ರಗಳಿರುವ ಇಕ್ಕಳವೂ ಗಟ್ಟಿ ಟೈಲ್ಸಿಗೆ ಬಾಯಲ್ಲಿ ಕಾರ್ಬೈಡ್ ಅಂಚಿರುವ ಇಕ್ಕಳವೂ ಅನುಕೂಲ. ತಟ್ಟೆಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಒಡೆದು, ಆಮೇಲೆ ಇಕ್ಕಳದಿಂದ ತಿದ್ದಿಕೊಳ್ಳಬಹುದು. ಜೋಡಿಸುವಾಗ ಹೊಸಬರು ಬಣ್ಣದ ಮೇಲೆ ಗಮನವಿಟ್ಟು ಸಂದುಗಳನ್ನು ಮರೆಯುತ್ತಾರೆ. ಚೂರುಗಳ ನಡುವಿನ ಸಂದುಗಳು ಸೇರಿ ಒಂದು ಹರಿವು ಮೂಡುತ್ತದೆ, ಕಣ್ಣು ಆ ಹರಿವನ್ನು ಹಿಡಿದೇ ಚಿತ್ರವನ್ನು ಓದುತ್ತದೆ. ಹೂವಿನ ಅಂಚನ್ನು ಅನುಸರಿಸಿ ಹಿನ್ನೆಲೆಯ ಮೊದಲ ಒಂದೆರಡು ಸಾಲುಗಳನ್ನು ಸುತ್ತಿಸಿ, ಅಲ್ಲಿಂದ ಮುಂದೆ ಸಾಲುಗಳು ಸಹಜವಾಗಿ ಹರಡುವಂತೆ ಮಾಡಿದರೆ ಎರಡೇ ಬಣ್ಣಗಳಲ್ಲೂ ಚಿತ್ರ ಎದ್ದು ನಿಲ್ಲುತ್ತದೆ. ಸಂದು 2ರಿಂದ 3 ಮಿಲಿಮೀಟರ್ ಇರಲಿ.

ಚೂರುಗಳನ್ನು ನೇರವಾಗಿ ಅಂಟಿಸುವ ಕ್ರಮ ಬೋಗುಣಿ, ಗೋಳ, ಕುಂಡಗಳಿಗೆ ಸರಿ. ಬಡಗಿಗಳು ಬಳಸುವ ಬಿಳಿ ಅಂಟು ತೇವ ತಗುಲಿದರೆ ಮತ್ತೆ ಮೆತ್ತಗಾಗುವುದರಿಂದ ಹೊರಗಡೆಗೆ ಬೇಡವೇ ಬೇಡ. ಪಾಲಿಮರ್ ಬೆರೆತ ಸಿಮೆಂಟಿನ ಟೈಲ್ ಅಂಟು ಬೇಕು. ಕಾಂಕ್ರೀಟು ಒಣಗುತ್ತ ಸ್ವಲ್ಪ ಕುಗ್ಗುತ್ತದೆ, ಹೀಗಾಗಿ ಎರಕವಾಗಿ 28 ದಿನ ಕಳೆದ ಮೇಲೆ ಅಂಟಿಸುವುದು ಕ್ಷೇಮ. ಮೇಲ್ಮೈಯನ್ನು ಉಜ್ಜಿ, ಅಚ್ಚಿಗೆ ಸವರಿದ ಎಣ್ಣೆಯ ಅಂಶ ಹೋಗುವಂತೆ ತೊಳೆದು, ಒಂದು ಸಲಕ್ಕೆ ಅಂಗೈಯಗಲದಷ್ಟು ಜಾಗಕ್ಕೆ ಮಾತ್ರ ಅಂಟು ಬಳಿಯಬೇಕು. ಮೇಲೆ ಪೊರೆ ಕಟ್ಟಿದ ಅಂಟು ಚೂರನ್ನು ಹಿಡಿಯುವುದಿಲ್ಲ. ಪ್ರತಿ ಚೂರಿನ ಹಿಂಬದಿಗೂ ತೆಳುವಾಗಿ ಅಂಟು ಸವರಿ ಒತ್ತಿದರೆ ಅಡಿಯಲ್ಲಿ ಪೊಳ್ಳು ಉಳಿಯುವುದಿಲ್ಲ. ಪೊಳ್ಳಿನಲ್ಲಿ ನೀರು ನಿಂತೇ ಚೂರುಗಳು ಕಳಚುವುದು. ಪಾರದರ್ಶಕ ಗಾಜಿನ ಅಡಿಗೆ ಬಿಳಿ ಬಣ್ಣದ ಟೈಲ್ ಅಂಟನ್ನೇ ಹಾಕಬೇಕು, ಬೂದು ಅಂಟು ಗಾಜಿನ ಬಣ್ಣವನ್ನು ಮಂಕಾಗಿಸುತ್ತದೆ.

ಕಾಲುಹಾದಿಯ ಚಪ್ಪಡಿಗೆ ಮಗುಚಿ ಜೋಡಿಸುವ ಕ್ರಮವೇ ವಾಸಿ, ಏಕೆಂದರೆ ಅದರಲ್ಲಿ ಮೇಲ್ಮೈ ಸಮತಟ್ಟಾಗಿ ಬಂದು ಕಾಲಿಗೆ ಎಡವುವುದಿಲ್ಲ. ಅಚ್ಚಿನ ಒಳಬದಿಗೆ ಎಣ್ಣೆ ಸವರಿ, ತಳಕ್ಕೆ, ಒಂದು ಬದಿಯಲ್ಲಿ ಅಂಟು ಇರುವ ಪಾರದರ್ಶಕ ಹಾಳೆಯನ್ನು ಅಂಟಿನ ಬದಿ ಮೇಲಾಗಿ ಹಾಸಬೇಕು. ಚಿತ್ರವನ್ನು ಎಡಬಲ ತಿರುಗಿಸಿ ಬರೆದು ಹಾಳೆಯ ಕೆಳಗಿಟ್ಟು, ಚೂರುಗಳ ಮುಖ ಕೆಳಗಾಗಿ ಜೋಡಿಸಬೇಕು. ಅಕ್ಷರಗಳಿದ್ದರೆ ಈ ತಿರುಗುಮುರುಗನ್ನು ಎರಡು ಸಲ ನೋಡಿಕೊಳ್ಳುವುದು ಲೇಸು. ಅಂಚಿನಿಂದ 1 ಸೆಂಟಿಮೀಟರ್ ಖಾಲಿ ಬಿಟ್ಟರೆ ಚೂರುಗಳನ್ನು ಕಾಂಕ್ರೀಟಿನ ಕಟ್ಟು ಕಾಯುತ್ತದೆ. ಮೊದಲು ಸಿಮೆಂಟಿನ ತಿಳಿಗಾರೆಯನ್ನು ಬ್ರಷ್ಷಿನಿಂದ ಸಂದುಗಳಿಗೆ ಇಳಿಸಿ, ಅದು ಒಣಗುವ ಮೊದಲೇ ಬಿಗಿ ಗಾರೆಯನ್ನು ಅರ್ಧದವರೆಗೆ ತುಂಬಿ, ಜಾಲರಿ ಇಟ್ಟು, ಉಳಿದದ್ದನ್ನು ತುಂಬಿ, ಗುಳ್ಳೆಗಳು ಹೊರಬರಲು ಅಚ್ಚಿನ ಪಕ್ಕವನ್ನು ತಟ್ಟಬೇಕು. ಮೂರು ದಿನಗಳ ಮೇಲೆ ಮಗುಚಿ ಹಾಳೆ ತೆಗೆದು, ಚೂರುಗಳ ಮೇಲೆ ಹರಡಿದ ಸಿಮೆಂಟಿನ ಪೊರೆಯನ್ನು ಒರಟು ಸ್ಪಂಜಿನಿಂದ ಉಜ್ಜಬಹುದು. 40 ಸೆಂಟಿಮೀಟರ್ ಅಗಲದ, 5 ಸೆಂಟಿಮೀಟರ್ ದಪ್ಪದ ದುಂಡು ಚಪ್ಪಡಿ ಸುಮಾರು 15 ಕೆಜಿ ತೂಗುವುದರಿಂದ ಮಗುಚಲು ಇನ್ನೊಬ್ಬರ ಕೈ ಇರಲಿ. ಹೊಳಪಿನ ಟೈಲ್ ಮಳೆಯಲ್ಲಿ ಜಾರುತ್ತದೆ. ಚಪ್ಪಡಿಗೆ ಒರಟು ಮೈಯ ಚೂರುಗಳನ್ನು ಆರಿಸಿ, ಸಂದುಗಳು ಹೆಚ್ಚು ಬರುವಂತೆ ಸಣ್ಣಗೆ ಕತ್ತರಿಸಬೇಕು.

ನೇರವಾಗಿ ಅಂಟಿಸಿದ ಕೃತಿಯಲ್ಲಿ, ಅಂಟು ಒಣಗಿ ಒಂದು ದಿನ ಕಳೆದ ಮೇಲೆ ಗ್ರೌಟ್, ಅಂದರೆ ಚೂರುಗಳ ನಡುವಿನ ಸಂದುಗಳನ್ನು ತುಂಬುವ ಸಿಮೆಂಟಿನ ಮಿಶ್ರಣ. ಸಂದು 3 ಮಿಲಿಮೀಟರಿಗಿಂತ ಅಗಲವಿದ್ದರೆ ಮರಳು ಬೆರೆತದ್ದನ್ನು ಹಾಕಬೇಕು, ಇಲ್ಲವಾದರೆ ಒಣಗುವಾಗ ಸೀಳುತ್ತದೆ. ರಬ್ಬರಿನ ತುಂಡಿನಿಂದ ಓರೆಯಾಗಿ ಒತ್ತಿ ತುಂಬಿ, ಕಾಲು ಗಂಟೆಯ ಬಳಿಕ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಬೇಕು. ನೀರು ಸುರಿಯುವ ಸ್ಪಂಜು ಸಂದಿನ ಗ್ರೌಟನ್ನೂ ಎಬ್ಬಿಸಿ, ಬಣ್ಣವನ್ನೂ ಮಾಸಲು ಮಾಡುತ್ತದೆ. ಶುದ್ಧ ಬಿಳಿ ಗ್ರೌಟ್ ತೋಟದಲ್ಲಿ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಬೂದು ಅಥವಾ ಮಣ್ಣಿನ ಬಣ್ಣ ಚೂರುಗಳ ಬಣ್ಣವನ್ನೂ ಎತ್ತಿ ತೋರಿಸುತ್ತದೆ.

ಗೋಳ, ಪ್ರಾಣಿ, ಆಸನ

ದೊಡ್ಡ ಆಕಾರಗಳನ್ನು ಪೂರ್ತಿ ಗಟ್ಟಿ ಕಾಂಕ್ರೀಟಿನಲ್ಲಿ ಮಾಡಿದರೆ ಎತ್ತಲಾಗುವುದಿಲ್ಲ. ಥರ್ಮೋಕೋಲಿನ ತಿರುಳನ್ನು ಬೇಕಾದ ಆಕಾರಕ್ಕೆ ಕೊರೆದು, ಸತು ಲೇಪಿಸಿದ ಕೋಳಿಜಾಲರಿಯನ್ನು ಬಿಗಿಯಾಗಿ ಸುತ್ತಿ ತಂತಿಯಿಂದ ಕಟ್ಟಿ, ಎರಡು ಪದರ ಗಾರೆ ಮೆತ್ತುವುದು ಸುಲಭದ ದಾರಿ. ಮೊದಲ ಪದರವನ್ನು ಜಾಲರಿಯ ಕಣ್ಣುಗಳೊಳಗೆ ನುಗ್ಗುವಂತೆ ಒತ್ತಿ, ಹಸಿಯಿರುವಾಗಲೇ ಮೊಳೆಯಿಂದ ಗೀರಿ, ಮರುದಿನ ತೇವಗೊಳಿಸಿ ಎರಡನೆಯದನ್ನು ಹಾಕಬೇಕು. ತಂತಿಯ ಮೇಲೆ ಎಲ್ಲ ಕಡೆಯೂ ಕನಿಷ್ಠ 1 ಸೆಂಟಿಮೀಟರ್ ಗಾರೆ ಇರಬೇಕು. ಸಿಮೆಂಟಿನ ಕ್ಷಾರಗುಣ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಹೊದಿಕೆ ತೆಳ್ಳಗಾದಲ್ಲಿ ಆ ರಕ್ಷಣೆ ಬೇಗ ಮುಗಿಯುತ್ತದೆ.

ಬಾಗಿದ ಮೈಗೆ ಚೌಕವಾದ ಟೈಲ್ಸ್ ಕೂರುವುದಿಲ್ಲ, ಚೂರುಗಳೇ ಬೇಕು. ಬಾರ್ಸಿಲೋನಾದ ಪಾರ್ಕ್ ಗ್ಯೂಯೆಲ್‌ನಲ್ಲಿ (1900–1914) ವಾಸ್ತುಶಿಲ್ಪಿಗಳಾದ ಅಂತೋನಿ ಗೌಡಿ ಮತ್ತು ಜೋಸೆಪ್ ಮರಿಯಾ ಜುಜೋಲ್ ಹಾವಿನಂತೆ ಬಳುಕುವ ಆಸನಕ್ಕೆ ಒಡೆದ ಟೈಲ್ಸನ್ನು ಹೊದಿಸಿದ್ದು ಇದೇ ಕಾರಣಕ್ಕೆ ಪಾಠದಂತಿದೆ: ಬಾಗು ಹೆಚ್ಚಿರುವಲ್ಲಿ ಚೂರು ಸಣ್ಣದು, ಕಡಿಮೆಯಿರುವಲ್ಲಿ ದೊಡ್ಡದು. ಕಲಾವಿದ ನೇಕ್ ಚಂದ್ ಚಂಡೀಗಢದಲ್ಲಿ ಕಟ್ಟಿದ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್‌ನ ನೂರಾರು ಪ್ರತಿಮೆಗಳ ಮೈಯಲ್ಲಿ ಒಡೆದ ಪಿಂಗಾಣಿಯೂ ಗಾಜಿನ ಬಳೆಗಳೂ ಇವೆ. ಹೊಸ ಟೈಲ್ಸ್ ಕೊಳ್ಳುವ ಮೊದಲು ಅವನ್ನು ಒಮ್ಮೆ ನೋಡುವುದು ಒಳ್ಳೆಯದು.

ಕುಂಡಗಳಿಗೆ ಹಗುರ ಮಿಶ್ರಣವೊಂದಿದೆ: ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಜರಡಿ ಹಿಡಿದ ತೆಂಗಿನ ನಾರಿನ ಪುಡಿ, ಒಂದೂವರೆ ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಕಣಗಳು). ಗೋಡೆ 4 ಸೆಂಟಿಮೀಟರ್ ದಪ್ಪವಿರಲಿ, ತಳದಲ್ಲಿ ಎಣ್ಣೆ ಸವರಿದ ಪೈಪ್ ತುಂಡು ನಿಲ್ಲಿಸಿ ನೀರು ಹೋಗುವ ತೂತು ಬಿಡಬೇಕು.

ನೆಲೆಗೊಳಿಸುವುದು, ದುರಸ್ತಿ

ಹೊಸ ಕಾಂಕ್ರೀಟಿನಿಂದ ಸುಣ್ಣ ನೀರಿಗೆ ಬಿಡುತ್ತಿರುತ್ತದೆ. ಬೋಗುಣಿ, ಕುಂಡಗಳಲ್ಲಿ ನೀರು ತುಂಬಿ, ದಿನವೂ ಚೆಲ್ಲಿ, ಎರಡು ವಾರ ಹೀಗೆ ಮಾಡಿದ ಮೇಲೆ ಬಳಕೆಗೆ ತೆಗೆಯಬೇಕು. ಮೀನಿರುವ ಕೊಳದಲ್ಲಿ ಇಡುವುದಾದರೆ ಪಿಎಚ್ ಪಟ್ಟಿಯಿಂದ ನೀರನ್ನು ಪರೀಕ್ಷಿಸದೆ ಇಡಬಾರದು. ಮೇಲ್ಮೈಯಲ್ಲಿ ಮೂಡುವ ಬಿಳಿ ಪುಡಿಯೂ ಇದೇ ಸುಣ್ಣದ್ದು, ಒಣ ಬ್ರಷ್ಷಿನಿಂದ ಹೋಗುತ್ತದೆ. ನೀರುನಿರೋಧಕ ಹಚ್ಚುವುದಾದರೆ ಒಳಗೆ ಇಂಗುವ ಸಿಲೇನ್–ಸಿಲೋಕ್ಸೇನ್ ಬಗೆಯದು ಉತ್ತಮ, ಅದು ಹೊರಗಿನ ನೀರನ್ನು ತಡೆದು ಒಳಗಿನ ಆವಿಯನ್ನು ಹೊರಬಿಡುತ್ತದೆ. ಮೇಲೆ ಪೊರೆ ಕಟ್ಟುವ ಅಕ್ರಿಲಿಕ್ ಲೇಪದ ಅಡಿ ತೇವ ಸಿಕ್ಕಿಕೊಂಡರೆ ಅದು ಬೆಳ್ಳಗಾಗಿ ಸುಲಿಯುತ್ತದೆ.

ಚಪ್ಪಡಿ ಇಡುವ ಜಾಗದಲ್ಲಿ ಅದರ ದಪ್ಪಕ್ಕಿಂತ 5 ಸೆಂಟಿಮೀಟರ್ ಹೆಚ್ಚು ಅಗೆದು, ಸಣ್ಣ ಜಲ್ಲಿ ಮತ್ತು ಮರಳು ಹಾಕಿ ಬಡಿದು, ಮೇಲೆ ನಿಂತರೆ ಅಲುಗದಂತೆ ಕೂರಿಸಬೇಕು. ಮಣ್ಣಿನ ಮೇಲೆ ನೇರವಾಗಿ ಇಟ್ಟ ಚಪ್ಪಡಿಯ ಒಂದು ಬದಿ ಮಳೆಗೆ ಕುಸಿದು, ಮುಂದಿನ ಹೆಜ್ಜೆಗೆ ನಡುವೆ ಸೀಳುತ್ತದೆ. ಮಾಡುವಾಗಲೇ ಕೆಲವು ಚೂರುಗಳನ್ನೂ ಅದೇ ಬಣ್ಣದ ಗ್ರೌಟ್ ಪುಡಿಯನ್ನೂ ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಡಬೇಕು. ಮಳೆಗಾಲ ಮುಗಿದ ಮೇಲೆ ಕೃತಿಯ ಮೈಯನ್ನು ಬೆರಳಗೆಣ್ಣಿನಿಂದ ತಟ್ಟುತ್ತ ಹೋದರೆ ಪೊಳ್ಳಾದ ಚೂರು ಬೇರೆ ಸದ್ದು ಕೊಡುತ್ತದೆ. ಅದನ್ನು ಎಬ್ಬಿಸಿ, ಅಡಿಯ ಹಳೆಯ ಅಂಟನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಕೆತ್ತಿ, ದೂಳು ಒರೆಸಿ, ಹೊಸ ಅಂಟಿನಿಂದ ಕೂರಿಸಿ, ಮರುದಿನ ಸುತ್ತಲಿನ ಸಂದಿಗೆ ಮಾತ್ರ ಗ್ರೌಟ್ ತುಂಬಬೇಕು.